ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಓಡಿಸಿದರೆ ಬರೀ ಅಕ್ಷರಗಳ ರಾಶಿ, ಡಿಲೀಟ್ ಎಲ್ಲೂ ಕಾಣ್ತಿಲ್ಲ

ಕಪ್ಪುಪರದೆ: ತಲೆ ಕೆಟ್ಟುಹೋಗಿದೆ. ರಾತ್ರಿ ನಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಆರ್ಡರ್ ಟೇಬಲ್‌ನಿಂದ ಯಾರೋ ಸಾಲುಗಳನ್ನ ಅಳಿಸಿದ್ದಾರೆ. ಬಿನ್‌ಲಾಗ್ ಫೈಲ್ (ಡೇಟಾಬೇಸ್‌ನ ಬದಲಾವಣೆಗಳ ದಾಖಲೆ) ಲ್ಯಾಪ್‌ಟಾಪ್‌ಗೆ ತಂದು, ಅದನ್ನ ಓದೋ ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಟೂಲ್ ಓಡಿಸಿದೆ. ಬರೀ ಅರ್ಥವಾಗದ ಅಕ್ಷರ. "ಡಿಲೀಟ್ ಫ್ರಮ್" ಅಂತ ಗ್ರೆಪ್ ಮಾಡಿ ಹುಡುಕಿದರೆ ಏನೂ ಸಿಗಲ್ಲ. ಯಾರಾದರೂ ಬೇಗ ಹೇಳಿ.

ಹಳೇಟರ್ಮಿನಲ್: ಫೈಲ್ ಕೆಟ್ಟಿದೆ. ಎಫ್‌ಟಿಪಿಯಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ತಂದಿರ್ತೀರಿ. ಮೊದಲ ನಾಲ್ಕು ಬೈಟ್ ನೋಡಿ, ಎಫ್‌ಇ 62 69 6ಇ ಇರಬೇಕು. ಎಫ್‌ಡಿ ಇಂದ ಶುರುವಾದರೆ ಎನ್‌ಕ್ರಿಪ್ಟ್ ಆಗಿರೋ ಫೈಲ್.

ಕಪ್ಪುಪರದೆ: ಎಫ್‌ಇ ಇದೆ.

ಹಳೇಟರ್ಮಿನಲ್: ಆದರೂ ಮಧ್ಯದಲ್ಲಿ ಕೆಟ್ಟಿರಬಹುದು. ಫೈಲನ್ನ ಬದಲಿಸದೆ ತರೋ ಎಸ್‌ಸಿಪಿಯಲ್ಲಿ ಮತ್ತೆ ತನ್ನಿ, ಎರಡೂ ಕಡೆ ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ.

ಸಾಲುಗಳ್ಳಿ: ಫೈಲ್ ಸರಿಯಾಗೇ ಇದೆ ಸರ್. ಮೈಎಸ್‌ಕ್ಯೂಎಲ್ 5.7.7ರಿಂದ ಬಿನ್‌ಲಾಗ್‌ನ ಡೀಫಾಲ್ಟ್ ರೋ ಫಾರ್ಮ್ಯಾಟ್. ಕ್ವೆರಿ ಬರೆದಿಡಲ್ಲ, ಬದಲಾದ ಸಾಲುಗಳನ್ನೇ ಬರೆದಿಡುತ್ತೆ. ಟೂಲ್ ಅದನ್ನ ಬೇಸ್64ನಲ್ಲಿ, ಅಂದರೆ ಬೈನರಿ ಡೇಟಾವನ್ನ ಅಕ್ಷರಗಳಾಗಿ ಬರೆಯೋ ರೀತಿಯಲ್ಲಿ, ಕಕ್ಕುತ್ತೆ. --ಬೇಸ್64-ಔಟ್‌ಪುಟ್=ಡಿಕೋಡ್-ರೋಸ್ ಜೊತೆ -ವಿವಿ ಹಾಕಿ. ಮೂರು ಹ್ಯಾಶ್ ಇರೋ ಸಾಲುಗಳಲ್ಲಿ ಡಿಲೀಟ್ ಕಾಣುತ್ತೆ.

ಹಳೇಟರ್ಮಿನಲ್: ಡಿಕೋಡ್-ರೋಸ್ ಹೇಳಿಕೊಡಬೇಡಿ. ಆ ಔಟ್‌ಪುಟ್ ಮತ್ತೆ ಸರ್ವರ್‌ಗೆ ಹಾಕಿದರೆ ಒಂದು ಸಾಲೂ ವಾಪಸ್ ಬರಲ್ಲ.

ಸಾಲುಗಳ್ಳಿ: ಅವರು ಓದೋಕೆ ಕೇಳ್ತಿದ್ದಾರೆ, ಹಾಕೋಕಲ್ಲ.

ಕಪ್ಪುಪರದೆ: ಈಗ ಓದೋಕೆ ಬರ್ತಿದೆ. ಆದರೆ ಎಲ್ಲಿಂದ ಓದಬೇಕು ಅಂತ --ಸ್ಟಾರ್ಟ್-ಡೇಟ್‌ಟೈಮ್‌ಗೆ ಸರ್ವರ್‌ನ ಸಮಯ ಕೊಟ್ಟರೆ ಆ ಹೊತ್ತಿನ ಡಿಲೀಟ್ ಇಲ್ಲ, ಬೇರೆ ಯಾವುದೋ ಹೊತ್ತಿನ ಅಪ್‌ಡೇಟ್‌ಗಳು ಬರ್ತವೆ.

ಸಾಲುಗಳ್ಳಿ: ಸರ್ವರ್ ಸಮಯ ಯುಟಿಸಿನಾ (ಜಾಗತಿಕ ಪ್ರಮಾಣ ಸಮಯ)? ಲ್ಯಾಪ್‌ಟಾಪ್‌ದು? ಟೂಲ್ ಓಡೋ ಯಂತ್ರದ ಸಮಯವನ್ನೇ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ಸರ್ವರ್ ಯುಟಿಸಿ ಆಗಿದ್ದರೆ ಕಮಾಂಡ್ ಮುಂದೆ ಟಿಝಡ್=ಯುಟಿಸಿ ಹಾಕಿ.

ಲಾಗ್‌ಕಣಜ: ನಾನು ಫೈಲ್ ಹೊತ್ತು ತರೋದೇ ಇಲ್ಲ. ಬೇರೆ ಯಂತ್ರದಲ್ಲಿ --ರೀಡ್-ಫ್ರಮ್-ರಿಮೋಟ್-ಸರ್ವರ್ --ರಾ --ಸ್ಟಾಪ್-ನೆವರ್ ಹಾಕಿದ ಇದೇ ಟೂಲ್ ಸದಾ ಓಡ್ತಾ ಸರ್ವರ್‌ನಿಂದ ಲಾಗ್ ನಕಲು ಮಾಡ್ತಿರುತ್ತೆ. ಸರ್ವರ್ ಬಿದ್ದರೂ ಲಾಗ್ ನನ್ನ ಹತ್ತಿರ ಇರುತ್ತೆ. ಎಲ್ಲರೂ ಹೀಗೇ ಇಟ್ಕೊಳ್ಳಿ.

ಹಳೇಟರ್ಮಿನಲ್: ಸಂಪರ್ಕ ಕಡಿದರೆ? ಅದನ್ನ ಮತ್ತೆ ಎಬ್ಬಿಸೋ ಸ್ಕ್ರಿಪ್ಟ್ ಇದೆಯಾ?

ಲಾಗ್‌ಕಣಜ: ಇದೆ, ಕೊನೆಯ ಫೈಲ್‌ನ ಮೊದಲಿಂದ ಮತ್ತೆ ಎಳೆಯುತ್ತೆ.

ಕಪ್ಪುಪರದೆ: ಸಾಲುಗಳ್ಳಿ ಅವರೇ, ಟಿಝಡ್ ಹಾಕಿದ ಮೇಲೆ ಡಿಲೀಟ್ ಸಿಕ್ಕಿತು! ಆದರೆ ಪ್ರತಿ ಡಿಲೀಟ್ ಕೆಳಗೆ @1 ಮಾತ್ರ ಇದೆ. ಟೇಬಲ್‌ನಲ್ಲಿ ಇನ್ನೂ ಎಷ್ಟೋ ಕಾಲಂ ಇದೆ. ಗ್ರಾಹಕರ ಹೆಸರು, ಮೊತ್ತ ಬೇಕೇ ಬೇಕು.

ಸಾಲುಗಳ್ಳಿ: @1 ಅಂದರೆ ಮೊದಲ ಕಾಲಂ. ಸಾಲಿನ ಯಾವ ಕಾಲಂ ಲಾಗ್‌ಗೆ ಬರೆಯಬೇಕು ಅನ್ನೋ ಸೆಟ್ಟಿಂಗ್, ಬಿನ್‌ಲಾಗ್_ರೋ_ಇಮೇಜ್, ಏನಿದೆ ನೋಡಿ.

ಕಪ್ಪುಪರದೆ: ಮಿನಿಮಲ್. ಡಿಸ್ಕ್ ಉಳಿಸೋಕೆ ಹಿಂದೆಯೇ ಹಾಕಿದ್ದು.

ಸಾಲುಗಳ್ಳಿ: ಹಾಗಾದರೆ ಡಿಲೀಟ್‌ನಲ್ಲಿ ಪ್ರೈಮರಿ ಕೀ (ಸಾಲನ್ನ ಗುರುತಿಸೋ ಕಾಲಂ) ಬಿಟ್ಟು ಬೇರೇನೂ ಬರೆದಿಲ್ಲ. ಯಾವ ಟೂಲೂ ಆ ಲಾಗ್‌ನಿಂದ ಹೆಸರು, ಮೊತ್ತ ತೆಗೆಯಲಾರದು. ಹಳೆಯ ಬ್ಯಾಕಪ್ ಬೇರೆ ಸರ್ವರ್‌ನಲ್ಲಿ ರೀಸ್ಟೋರ್ ಮಾಡಿ, ಬ್ಯಾಕಪ್ ನಂತರದ ಬಿನ್‌ಲಾಗ್‌ಗಳನ್ನ ಅದರ ಮೇಲೆ ಓಡಿಸಿ. ಈ ಸಲ ಡಿಕೋಡ್-ರೋಸ್ ಬೇಡ, ಅದಕ್ಕೂ ಮುಂಚೆ ನಿಲ್ಲೋಕೆ ಡಿಲೀಟ್‌ನ ಟ್ರಾನ್ಸಾಕ್ಷನ್ ಶುರುವಾಗೋ ಜಾಗವನ್ನ --ಸ್ಟಾಪ್-ಪೊಸಿಷನ್‌ಗೆ ಕೊಡಿ. ಕೊನೆಯ ಬ್ಯಾಕಪ್ ಯಾವಾಗಿನದು? ಅಲ್ಲಿಂದ ಇಲ್ಲಿವರೆಗಿನ ಬಿನ್‌ಲಾಗ್ ಎಲ್ಲಾ ಇವೆಯಾ?

ಹಳೇಟರ್ಮಿನಲ್: ಚೆಕ್‌ಸಮ್ ಹೋಲಿಸಿದಿರಾ ಅಂತ ಇನ್ನೂ ಹೇಳಿಲ್ಲ.