ಕುಡಿದು ಓಡಿಸಿ ಮತ್ತೆ ಮತ್ತೆ ಸಿಕ್ಕಿಬೀಳುವವರ ವಿರುದ್ಧ ಕಾನೂನು: ಮನವಿಯಲ್ಲಿ ಏನು ಕೇಳಬೇಕು?

ಸಹಿ ಸಂಗ್ರಹದವಳು:

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಕಾರು ಗುದ್ದಿದವನು ಕಂಠಪೂರ್ತಿ ಕುಡಿದಿದ್ದ. ಅದು ಅವನ ಮೂರನೇ ಕೇಸು. ಹಿಂದಿನ ಎರಡರಲ್ಲೂ ದಂಡ ಕಟ್ಟಿ ಹೊರಗೆ ಬಂದಿದ್ದ. ಎರಡನೇ ಕೇಸಿನ ಕಾಗದದಲ್ಲೂ "ಮೊದಲ ಅಪರಾಧ" ಅಂತಲೇ ಬರೆದಿದೆ. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಣ್ಣ ಬದುಕಿದ್ದಾನೆ. ಎಡಗಾಲಿನಲ್ಲಿ ರಾಡ್ ಇದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಪಕ್ಕಕ್ಕೆ ತಿರುಗಿ ಒಂದೊಂದೇ ಹೆಜ್ಜೆ ಇಡುತ್ತಾನೆ.

ನಾವು ಕೆಲವರು ಸೇರಿ ಶಾಸಕರಿಗೆ ಕೊಡಲು ಮನವಿ ಬರೆಯುತ್ತಿದ್ದೇವೆ. ಎರಡನೇ ಸಲ ಸಿಕ್ಕರೆ ಕಡ್ಡಾಯ ಜೈಲು, ಮೂರನೇ ಸಲಕ್ಕೆ ಲೈಸೆನ್ಸ್ ಶಾಶ್ವತವಾಗಿ ರದ್ದು. ಕರಡು ಇಷ್ಟೇ. ಒಬ್ಬ ವಕೀಲರಿಗೆ ತೋರಿಸಿದೆ. "ಇದು ನಿಲ್ಲಲ್ಲಮ್ಮ" ಅಂದರು. ಯಾಕೆ ಅಂತ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಬೇರೆ ದೇಶಗಳಲ್ಲಿ ಇಂಥ ಮನೆಯವರೇ ಹೋರಾಡಿ ಕಾನೂನು ತಂದಿದ್ದಾರೆ, ಅಲ್ವಾ? ಅವರು ಏನು ಕೇಳಿದರು? ಯಾವುದು ಕೆಲಸ ಮಾಡಿತು? ದಯವಿಟ್ಟು ಸಮಾಧಾನದ ಮಾತು ಬೇಡ, ಅದು ಬೇಕಾದಷ್ಟು ಸಿಕ್ಕಿದೆ.

ಹಳೇ ಗುಮಾಸ್ತ:

ತಂಗಿ, ನಿಮ್ಮ ವಕೀಲರು ಅರ್ಧಕ್ಕೆ ಬಿಟ್ಟದ್ದನ್ನು ನಾನು ಮುಗಿಸುತ್ತೇನೆ. ಕೋರ್ಟಿನಲ್ಲಿ ಫೈಲು ಹೊತ್ತೇ ಕೂದಲು ಬೆಳ್ಳಗಾದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

2018ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಯೂನ್ ಚಾಂಗ್-ಹೋ ಎಂಬ ಹುಡುಗನಿಗೆ ಕುಡಿದವನೊಬ್ಬ ಕಾರು ಗುದ್ದಿಸಿದ. ಹುಡುಗ ಸೇನೆಯಿಂದ ರಜೆಯ ಮೇಲೆ ಬಂದಿದ್ದ. ಅವನು ಪ್ರಜ್ಞೆ ಇಲ್ಲದೆ ಮಲಗಿದ್ದಾಗಲೇ ಗೆಳೆಯರು ಅಧ್ಯಕ್ಷರ ಕಚೇರಿಗೆ ಮನವಿ ಹಾಕಿದರು. 4 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ನವೆಂಬರ್‌ನಲ್ಲಿ ಹುಡುಗ ತೀರಿಕೊಂಡ. ವರ್ಷ ಮುಗಿಯುವುದರೊಳಗೆ ಕಾನೂನು ಪಾಸಾಯಿತು. ಅದನ್ನು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ರಕ್ತದಲ್ಲಿ ಮದ್ಯದ ಮಿತಿಯನ್ನು ಶೇ. 0.05ರಿಂದ 0.03ಕ್ಕೆ ಇಳಿಸಿದರು. ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಸಿಕ್ಕವರಿಗೆ 2ರಿಂದ 5 ವರ್ಷ ಜೈಲು, ಇಲ್ಲವೇ ಭಾರಿ ದಂಡ.

ನಿಮಗೆ ಬೇಕಾದ ಭಾಗ ಮುಂದಿದೆ. 2021ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ "ಎರಡನೇ ಸಲ"ದ ಕಲಮನ್ನೇ ಹೊಡೆದುಹಾಕಿತು. ಹಿಂದಿನ ತಪ್ಪಿಗೂ ಈಗಿನದಕ್ಕೂ ನಡುವೆ ಎಷ್ಟು ವರ್ಷದ ಅಂತರ ಅಂತ ಕಾನೂನು ಹೇಳಿರಲಿಲ್ಲ. ಹತ್ತು ವರ್ಷದ ಹಿಂದೆ ಒಮ್ಮೆ ಸಿಕ್ಕವನನ್ನೂ ಹೋದ ತಿಂಗಳು ಸಿಕ್ಕವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತು. ಶಿಕ್ಷೆಯಾಗಿದ್ದವರು ಮರುವಿಚಾರಣೆ ಕೇಳಿಕೊಂಡು ಸಾಲಾಗಿ ಬಂದರು. ಕೊನೆಗೆ "10 ವರ್ಷದೊಳಗೆ" ಅನ್ನುವ ಮಾತು ಸೇರಿಸಿ 2023ರಲ್ಲಿ ಹೊಸದಾಗಿ ಜಾರಿ ಮಾಡಬೇಕಾಯಿತು. ಅಷ್ಟು ಸಹಿ, ಅಷ್ಟು ಕಣ್ಣೀರು, ಒಂದು ಸಾಲು ಬರೆಯದೇ ಇದ್ದದ್ದಕ್ಕೆ ಹಿಂದೆ ಸರಿಯಿತು. ನಿಮ್ಮ ಕರಡಿನಲ್ಲೂ ಆ ಸಾಲು ಇಲ್ಲ.

ಎರಡನೆಯದು, ನೀವು ನೋಡಿದ "ಮೊದಲ ಅಪರಾಧ" ಅನ್ನುವ ಕಾಗದ. ನನಗೆ ಅದರಲ್ಲಿ ಆಶ್ಚರ್ಯವೇ ಇಲ್ಲ. ಇಂಥ ಕೇಸುಗಳು ಕಟ್ಟು ಕಟ್ಟಾಗಿ ಬರುತ್ತವೆ. ಹೆಸರು ಕೂಗುತ್ತಾರೆ, ತಪ್ಪೊಪ್ಪಿಕೊಳ್ಳುತ್ತಾನೆ, ದಂಡ ಕಟ್ಟುತ್ತಾನೆ, ಮುಂದಿನ ಹೆಸರು. ಒಂದು ಕೇಸಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇರುತ್ತದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ಹಳೇ ವಿಳಾಸ, ಇನ್ನೊಂದರಲ್ಲಿ ಹೊಸದು. ಇಬ್ಬರೂ ಒಬ್ಬನೇ ಅಂತ ಯಾರು ಹೇಳಬೇಕು? ಹಳೇ ಶಿಕ್ಷೆಯ ದಾಖಲೆ ಮುಂದಿಡದಿದ್ದರೆ ನ್ಯಾಯಾಧೀಶರು ತಾವಾಗಿ ಹುಡುಕಿಕೊಂಡು ಹೋಗುವುದಿಲ್ಲ. ಎರಡನೇ ಸಲಕ್ಕೆ ಎಷ್ಟೇ ದೊಡ್ಡ ಶಿಕ್ಷೆ ಬರೆದರೂ ಅವನು ಪ್ರತಿ ಸಲವೂ "ಮೊದಲ ಸಲ"ದವನೇ ಆಗಿರುತ್ತಾನೆ.

ಅದಕ್ಕೇ ನಿಮ್ಮ ಮನವಿಯ ಮೊದಲ ಬೇಡಿಕೆ ಜೈಲು ಆಗಬಾರದು. ತಪ್ಪೊಪ್ಪಿಗೆ ತೆಗೆದುಕೊಳ್ಳುವ ಮೊದಲು ಲೈಸೆನ್ಸ್ ನಂಬರಿನಿಂದ ಹಳೇ ದಾಖಲೆ ತೆಗೆಸಿ ಫೈಲಿಗೆ ಲಗತ್ತಿಸಲೇಬೇಕು ಅಂತ ಕೇಳಿ. ಇದಕ್ಕೆ ಚಪ್ಪಾಳೆ ಬೀಳಲ್ಲ, ಪೇಪರಿನಲ್ಲೂ ಬರಲ್ಲ. ಆದರೂ ಇದಿಲ್ಲದೆ ಉಳಿದದ್ದೆಲ್ಲ ಸುಮ್ನೆ.

ನಡೆದೇ ಹೋಗುವವನು:

ಇಷ್ಟೆಲ್ಲ ಯಾಕೆ ಸರ್? ಎರಡನೇ ಸಲ ಸಿಕ್ಕವನನ್ನು ಒಳಗೆ ಹಾಕಿ. ಒಳಗಿರುವಷ್ಟು ದಿನ ರಸ್ತೆಗೆ ಬರಲ್ಲ. ಜಪಾನಿನಲ್ಲಿ 1999ರಲ್ಲಿ ಕುಡಿದ ಲಾರಿ ಡ್ರೈವರ್ ಒಬ್ಬ ಹೆದ್ದಾರಿಯಲ್ಲಿ ಒಂದು ಕಾರಿಗೆ ಹಿಂದಿನಿಂದ ಗುದ್ದಿ ಎರಡು ಪುಟ್ಟ ಹೆಣ್ಣುಮಕ್ಕಳು ಸತ್ತರು. ಅವನಿಗೆ ಆದದ್ದು 4 ವರ್ಷ. ಅಪ್ಪ ಅಮ್ಮ ಬೀದಿಗಿಳಿದು 3 ಲಕ್ಷ 70 ಸಾವಿರಕ್ಕೂ ಜಾಸ್ತಿ ಸಹಿ ತಂದರು. 2001ರಲ್ಲಿ 15 ವರ್ಷದವರೆಗೆ ಜೈಲು ಕೊಡುವ ಹೊಸ ಅಪರಾಧವನ್ನೇ ಕಾನೂನಿಗೆ ಸೇರಿಸಿದರು. 2007ರಲ್ಲಿ ಇನ್ನೂ ಮುಂದೆ ಹೋದರು. ಕುಡಿದವನಿಗೆ ಗಾಡಿ ಕೊಟ್ಟವನು, ಓಡಿಸುತ್ತಾನೆ ಅಂತ ಗೊತ್ತಿದ್ದೂ ಕುಡಿಸಿದವನು, ಗೊತ್ತಿದ್ದೂ ಪಕ್ಕದಲ್ಲಿ ಕೂತವನು, ಎಲ್ಲರಿಗೂ ಶಿಕ್ಷೆ. ಭಯ ಬೇಕು. ಭಯ ಇಲ್ಲದ ಕಡೆ ನಂಬರು ಜೋಡಿಸಿ ಏನು ಪ್ರಯೋಜನ?

ರಾತ್ರಿ ಪಾಳಿ:

ಭಯ ಬೇಕು, ಒಪ್ಪುತ್ತೇನೆ. ಆದರೆ ಯಾವುದರ ಭಯ? ನಾನು ತುರ್ತು ಚಿಕಿತ್ಸೆ ವಾರ್ಡಿನಲ್ಲಿ ನರ್ಸ್. ಗುದ್ದಿದವನೂ ಗುದ್ದಿಸಿಕೊಂಡವನೂ ಪಕ್ಕಪಕ್ಕದ ಮಂಚದಲ್ಲಿರುವುದನ್ನು ನೋಡಿದ್ದೇನೆ. ಗುದ್ದಿದವನು ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿರುತ್ತದೆ. ಲೋಟ ಹಿಡಿಯಲೂ ಆಗುವುದಿಲ್ಲ. ಅಂಥವನು ಗಾಡಿ ಹತ್ತುವಾಗ 5 ವರ್ಷ ಜೈಲಿನ ಲೆಕ್ಕ ಹಾಕುತ್ತಾನೆಯೇ? ಇವತ್ತು ಸಿಕ್ಕಿಬೀಳುತ್ತೇನೆ ಅನ್ನುವುದು ಖಾತ್ರಿಯಾದರೆ ಮಾತ್ರ ಯೋಚಿಸುತ್ತಾನೆ.

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ 2005ರಿಂದ ಒಂದು ಪದ್ಧತಿ ಇದೆ. ಮತ್ತೆ ಮತ್ತೆ ಸಿಕ್ಕವರು ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಹೋಗಿ ಊದಿ ಬರಬೇಕು. ಕುಡಿದದ್ದು ಗೊತ್ತಾದರೆ ಅಲ್ಲಿಂದಲೇ ಒಳಗೆ, ಒಂದೆರಡು ದಿನಕ್ಕೆ. ಶಿಕ್ಷೆ ಚಿಕ್ಕದು, ಆದರೆ ತಪ್ಪುವುದಿಲ್ಲ, ತಡವೂ ಆಗುವುದಿಲ್ಲ. ಈ ಪದ್ಧತಿ ಬಂದ ಕಡೆ ಮತ್ತೆ ಸಿಕ್ಕಿಬೀಳುವ ಕೇಸು ಶೇ. 12ರಷ್ಟು ಇಳಿಯಿತು ಅಂತ 2013ರ ಅಧ್ಯಯನ ಹೇಳಿತು. ಜೊತೆಗೆ ಚಟ ಬಿಡಿಸುವ ಚಿಕಿತ್ಸೆಯನ್ನೂ ಕೇಳಿ ಅಕ್ಕಾ. ಅವನ ಮೇಲೆ ಕರುಣೆಯಿಂದಲ್ಲ. ಅವನು ಹೊರಗೆ ಬಂದೇ ಬರುತ್ತಾನಲ್ಲ, ಅದಕ್ಕೆ.

ಸ್ಪ್ಯಾನರ್ ಮಾಮ:

ಗಾಡಿಯವರ ಮಾತು ಒಂದು ಸೇರಿಸುತ್ತೇನೆ. ಲೈಸೆನ್ಸ್ ರದ್ದು ಮಾಡಿದರೆ ಜನ ಓಡಿಸುವುದು ಬಿಡುತ್ತಾರೆ ಅಂತ ನಂಬಬೇಡಿ. ಕೀಲಿ ಅವರ ಜೇಬಿನಲ್ಲೇ ಇರುತ್ತದೆ. ಇಗ್ನಿಷನ್ ಇಂಟರ್‌ಲಾಕ್ ಅಂತ ಒಂದು ಸಾಧನ ಬರುತ್ತದೆ, ಅದನ್ನು ಕೇಳಿ. ಸ್ಟೀರಿಂಗ್ ಹತ್ತಿರ ಒಂದು ಕೊಳವೆ. ಅದಕ್ಕೆ ಊದಬೇಕು, ಉಸಿರಿನಲ್ಲಿ ಮದ್ಯ ಇಲ್ಲದಿದ್ದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗುತ್ತದೆ. ಇದ್ದರೆ ಕೆಂಪು ತೋರಿಸುತ್ತದೆ. ಬೇರೆ ಯಾರಿಂದಲೋ ಊದಿಸಿ ಹೊರಟರೆ? ಅದಕ್ಕೂ ದಾರಿ ಇದೆ. ಮಧ್ಯೆ ಮಧ್ಯೆ ಮತ್ತೆ ಊದು ಅನ್ನುತ್ತದೆ, ಕೆಲವದರಲ್ಲಿ ಕ್ಯಾಮೆರಾನೂ ಇರುತ್ತದೆ. ಓಡುತ್ತಿರುವ ಎಂಜಿನನ್ನು ಅದು ನಿಲ್ಲಿಸಲ್ಲ, ಅಪಾಯ ಅಂತ. ಹಾರ್ನ್ ಹೊಡೆಯುತ್ತದೆ, ದಾಖಲೆ ಇಟ್ಟುಕೊಳ್ಳುತ್ತದೆ. ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿದವನಿಗೂ ಒಮ್ಮೊಮ್ಮೆ ಕೆಂಪು ತೋರಿಸುತ್ತದೆ. ಐದು ಹತ್ತು ನಿಮಿಷ ಬಿಟ್ಟು ಊದಿದರೆ ಸರಿ ಹೋಗುತ್ತದೆ.

ಸಾಧನ ಇರುವಷ್ಟು ಕಾಲ ಮತ್ತೆ ಸಿಕ್ಕಿಬೀಳುವುದು ಸುಮಾರು ಶೇ. 70ರಷ್ಟು ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಬಿಚ್ಚಿದ ಮೇಲೆ ಹಳೇ ಚಾಳಿಗೆ ಮರಳುವವರು ಬಹಳ. ಹಾಗಾಗಿ "ಒಂದು ವರ್ಷ" ಅಂತ ಬರೆಯಬೇಡಿ. ಕೊನೆಯ ಇಷ್ಟು ತಿಂಗಳು ಒಂದೂ ಕೆಂಪು ಬರದಿದ್ದರೆ ಮಾತ್ರ ಬಿಚ್ಚಬೇಕು ಅಂತ ಬರೆಯಿರಿ. ಅಂದ ಹಾಗೆ, ಗುಮಾಸ್ತರು ಹೇಳಿದ ಕೊರಿಯಾದಲ್ಲೂ 5 ವರ್ಷದೊಳಗೆ ಮತ್ತೆ ಸಿಕ್ಕವರಿಗೆ 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ.

ಸಹಿ ಸಂಗ್ರಹದವಳು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಕರಡು ತಿದ್ದಿದೆವು. ಹಳೇ ದಾಖಲೆ ಲಗತ್ತಿಸುವುದು ಮೊದಲಿಗೆ ಬಂತು. ಎರಡನೇ ಸಲಕ್ಕೆ ಇಂಟರ್‌ಲಾಕ್ ಮತ್ತು ಚಿಕಿತ್ಸೆ. ಹಿಂದಿನ ತಪ್ಪನ್ನು ಲೆಕ್ಕಕ್ಕೆ ಹಿಡಿಯುವ ಅವಧಿ 10 ವರ್ಷ. ಮೂರನೇ ಸಲಕ್ಕೆ ಮಾತ್ರ ಜೈಲು ಉಳಿಸಿಕೊಂಡಿದ್ದೇನೆ. ನರ್ಸ್ ಹೇಳಿದ್ದು ಅರ್ಥ ಆಗುತ್ತದೆ ತಂಗಿ, ಆದರೆ ಅದನ್ನು ಬಿಡಲು ನನ್ನಿಂದ ಆಗುವುದಿಲ್ಲ. ಅಣ್ಣನಿಗೆ ಓದಿ ಹೇಳಿದೆ. "ಜೊತೆಯಲ್ಲಿ ಕೂತವನಿಗೂ ಶಿಕ್ಷೆ ಅಂತ ಸೇರಿಸು" ಅಂದ. ಆ ರಾತ್ರಿ ಕಾರಿನಲ್ಲಿ ಇನ್ನೂ ಇಬ್ಬರು ಇದ್ದರು. ಸೇರಿಸಿದ್ದೇನೆ.

ಹಳೇ ಗುಮಾಸ್ತ:

ಒಳ್ಳೆಯದು. ಒಂದು ಉಳಿಯಿತು. 10 ವರ್ಷ ಅಂದರೆ ಯಾವ ದಿನದಿಂದ ಯಾವ ದಿನಕ್ಕೆ? ಹಿಂದಿನ ಸಲ ಸಿಕ್ಕ ದಿನದಿಂದ ಈಗ ಸಿಕ್ಕ ದಿನಕ್ಕೆ ಲೆಕ್ಕ ಅಂತ ಬಿಡಿಸಿ ಬರೆಯಿರಿ. ತೀರ್ಪಿನ ದಿನ ಅಂತ ಬಿಟ್ಟರೆ ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಅವಧಿಯನ್ನೇ ದಾಟಿಸಿಬಿಡುತ್ತಾರೆ.