ಟ್ಯಾಂಕ್ ಕಟ್ಟಿದ್ದೇನೆ, ಆದರೆ ಯಾರೂ ನನಗೆ ಹೊಡೆಯುವುದೇ ಇಲ್ಲ!

ಗುರಾಣಿಗುಂಡ:
ತಲೆ ಕೆಟ್ಟು ಹೋಗಿದೆ. ಆಟದಲ್ಲಿ ನಾನು ಟ್ಯಾಂಕ್, ಅಂದರೆ ಏಟೆಲ್ಲ ತಾನೇ ತಿಂದು ತಂಡವನ್ನು ಕಾಯುವವನು. ಮೈ ತುಂಬ ಪ್ಲೇಟ್ ಆರ್ಮರ್, ಕೈಯಲ್ಲಿ ಗುರಾಣಿ, ಎಲ್ಲ ಹಾಕಿಕೊಂಡು ಮುಂದೆ ನಿಲ್ಲುತ್ತೇನೆ. ಓಗರ್ ಅನ್ನುವ ದೈತ್ಯ ಬರುತ್ತದೆ, ನನ್ನ ಪಕ್ಕದಲ್ಲೇ ಆರಾಮಾಗಿ ದಾಟಿ ಹೋಗುತ್ತದೆ, ಹಿಂದೆ ನಿಂತ ನಮ್ಮ ಮಂತ್ರವಾದಿ ವಿಜರ್ಡ್‌ಗೆ ಬಾರಿಸುತ್ತದೆ. ದಾಟುವವರನ್ನು ತಡೆಯುವ ಸೆಂಟಿನೆಲ್ ಫೀಟ್ (ವಿಶೇಷ ಕೌಶಲ) ಬೇರೆ ತಗೊಂಡಿದ್ದೇನೆ, ದಂಡ. ವಿಜರ್ಡ್ ಆಡುವವನು ಈಗ ಗ್ರೂಪಿನಲ್ಲಿ ನನ್ನ ಮೆಸೇಜಿಗೆ ಉತ್ತರವನ್ನೂ ಕೊಡುತ್ತಿಲ್ಲ. ಟ್ಯಾಂಕ್‌ಗೆ ಯಾವ ಕ್ಲಾಸ್ (ಪಾತ್ರದ ವೃತ್ತಿ) ಸರಿ? ಬೇಗ ಹೇಳಿ.

ವಿಜಯನಗರ_ವಾರ್ಲಾಕ್:
ಬಾಲ್ಡರ್ಸ್ ಗೇಟ್ 3 ತಾನೇ? ಕ್ಯಾಂಪಿನಲ್ಲಿ ವಿದರ್ಸ್‌ಗೆ 100 ಗೋಲ್ಡ್ ಕೊಡು, ಕ್ಲಾಸ್ ಬದಲಾಯಿಸಿಕೊಡುತ್ತಾನೆ. ಇದಕ್ಕೆಲ್ಲ ಯಾಕೆ ಟೆನ್ಶನ್.

ಗುರಾಣಿಗುಂಡ:
ಕಂಪ್ಯೂಟರ್ ಅಲ್ಲ ಗುರೂ. ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್). ಅದನ್ನೂ ಬಿಡಿಸಿ ಹೇಳಬೇಕಾ?

ಎಸಿ_ಆನಂದ:
ನಿಮ್ಮ ಎಸಿ, ಅಂದರೆ ಏಟು ತಾಗದ ಹಾಗೆ ಕಾಯುವ ಆರ್ಮರ್ ಕ್ಲಾಸ್, ಎಷ್ಟು? ಪ್ಲೇಟ್‌ಗೆ 18, ಗುರಾಣಿಗೆ 2, ಡಿಫೆನ್ಸ್ ಅನ್ನುವ ಫೈಟಿಂಗ್ ಸ್ಟೈಲ್ ತಗೊಂಡರೆ ಇನ್ನೊಂದು. 21 ಇರಲೇಬೇಕು. ಪೂಜಾರಿ ಥರದ ಕ್ಲೆರಿಕ್ ಶೀಲ್ಡ್ ಆಫ್ ಫೇತ್ ಮಂತ್ರ ಹಾಕಿದರೆ 23. ಅದಕ್ಕಿಂತ ಕಡಿಮೆ ಇದ್ದರೆ ಟ್ಯಾಂಕ್ ಅನ್ನಬೇಡಿ.

ಬನಶಂಕರಿ_ಬಾರ್ಬೇರಿಯನ್:
ಸಾರ್, ಅವರಿಗೆ ಏಟೇ ಬೀಳುತ್ತಿಲ್ಲ ಅಂತಿದ್ದಾರೆ. ಎಸಿ ಏರಿಸಿ ಏನು ಮಾಡುವುದು? ಕಬ್ಬಿಣದ ಗೋಡೆಗೆ ಯಾವ ಓಗರ್ ತಲೆ ಚಚ್ಚಿಕೊಳ್ಳುತ್ತದೆ? ಬಾರ್ಬೇರಿಯನ್ ಆಡಿ. ರೆಕ್‌ಲೆಸ್ ಅಟ್ಯಾಕ್ ಮಾಡಿದರೆ ನಿಮಗೆ ಹೊಡೆಯುವವರಿಗೂ ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ತಗೊಳ್ಳುವುದು) ಸಿಗುತ್ತದೆ. ಆಟ ನಡೆಸುವ ಡಿಎಂ ಬಾಯಲ್ಲಿ ನೀರೂರುತ್ತದೆ, ನಿಮ್ಮ ಮೇಲೇ ಬೀಳುತ್ತಾನೆ. ರೋಷ ಏರಿ ರೇಜ್‌ನಲ್ಲಿದ್ದರೆ ಕತ್ತಿ, ಗದೆ, ಬಾಣದ ಏಟೆಲ್ಲ ಅರ್ಧ.

ಎಸಿ_ಆನಂದ:
ರೇಜ್ ಬೇಕಾದರೆ ಪ್ಲೇಟ್ ಬಿಚ್ಚಬೇಕು. ಹೆವಿ ಆರ್ಮರ್‌ನಲ್ಲಿ ರೇಜ್‌ನ ಲಾಭ ಇಲ್ಲ. 1500 ಗೋಲ್ಡ್ ಕೊಟ್ಟು ತಗೊಂಡಿದ್ದನ್ನು ಗುಜರಿಗೆ ಹಾಕಬೇಕಾ? ಮೊದಲು ಎಸಿ ಹೇಳಲಿ.

ಗುರಾಣಿಗುಂಡ:
20.

ಎಸಿ_ಆನಂದ:
ನೋಡಿ, ನಾನು ಹೇಳಲಿಲ್ವಾ!

ವಿಜಯನಗರ_ವಾರ್ಲಾಕ್:
ಪ್ಯಾಲಡಿನ್ ಆಗಿ ಕಂಪೆಲ್ಡ್ ಡ್ಯುಯಲ್ ಮಂತ್ರ ಹಾಕಿದರೆ ಮುಗೀತಲ್ಲ. ಎಂಎಂಒ ಆನ್‌ಲೈನ್ ಗೇಮ್‌ಗಳಲ್ಲಿ ಶತ್ರುವನ್ನು ತನ್ನತ್ತ ಎಳೆಯುವ ಟಾಂಟ್ ಥರ.

ಬನಶಂಕರಿ_ಬಾರ್ಬೇರಿಯನ್:
ಥರ ಅಷ್ಟೇ. ಶತ್ರುವಿಗೆ ತಪ್ಪಿಸಿಕೊಳ್ಳಲು ವಿಸ್ಡಮ್ ಸೇವ್ ಅನ್ನುವ ದಾಳ ಇದೆ. ಮಂತ್ರ ಉಳಿಯಲು ನಿಮ್ಮ ಕಾನ್ಸಂಟ್ರೇಶನ್ ಬೇಕು. ನಿಮ್ಮ ವಿಜರ್ಡ್ ಉತ್ಸಾಹದಲ್ಲಿ ಅದೇ ಓಗರ್‌ಗೆ ಒಂದು ಫೈರ್ ಬೋಲ್ಟ್ ಬಿಟ್ಟು ತಾಗಿಸಿದರೆ ಸ್ಪೆಲ್ಲೇ ಮುಗಿಯುತ್ತದೆ.

ಮಲ್ಲೇಶ್ವರಂ_ಡಿಎಂ:
ಎಲ್ಲರೂ ಸ್ವಲ್ಪ ನಿಲ್ಲಿ. ಗುಂಡ, ಎಷ್ಟನೇ ಲೆವೆಲ್? ಯಾವ ಕ್ಲಾಸ್? ಯಾವ ಫೈಟಿಂಗ್ ಸ್ಟೈಲ್? ಓಗರ್ ದಾಟುವ ಮೊದಲು ಆ ಸುತ್ತಿನಲ್ಲಿ ಏನಾಗಿತ್ತು? ಈ ಆಟದಲ್ಲಿ ಥ್ರೆಟ್ ಮೀಟರ್ ಇಲ್ಲ. ಯಾರಿಗೆ ಹೊಡೆಯಬೇಕು ಅನ್ನುವುದು ಡಿಎಂ ಕೈಯಲ್ಲಿ. ನಿಮ್ಮ ಕೈಯಲ್ಲಿ ಇರುವುದು ತಡೆಯುವುದು ಮಾತ್ರ.

ಗುರಾಣಿಗುಂಡ:
5ನೇ ಲೆವೆಲ್ ಫೈಟರ್, ಅದರಲ್ಲಿ ಚಾಂಪಿಯನ್ ಶಾಖೆ. ಸ್ಟೈಲ್ ಪ್ರೊಟೆಕ್ಷನ್. ಮೊದಲು ಗಾಬ್ಲಿನ್‌ಗಳು ಪಕ್ಕದಲ್ಲಿದ್ದ ಕ್ಲೆರಿಕ್‌ಗೆ ಹೊಡೆಯುತ್ತವೆ, ನಾನು ಗುರಾಣಿ ಅಡ್ಡ ಹಿಡಿಯುತ್ತೇನೆ. ಆಮೇಲೆ ಓಗರ್ ಹೋಗುತ್ತದೆ. ಇದರಲ್ಲಿ ಏನಿದೆ?

ಮಲ್ಲೇಶ್ವರಂ_ಡಿಎಂ:
ಎಲ್ಲ ಇರುವುದೇ ಇದರಲ್ಲಿ. ಗುರಾಣಿ ಅಡ್ಡ ಹಿಡಿಯುವುದು ರಿಯಾಕ್ಷನ್, ಅಂದರೆ ಬೇರೆಯವರ ನಡೆಗೆ ತಕ್ಷಣ ಕೊಡುವ ಪ್ರತಿಕ್ರಿಯೆ. ಸೆಂಟಿನೆಲ್‌ನ ಏಟೂ ರಿಯಾಕ್ಷನ್. ನಿಮ್ಮ ಸರದಿ ಮತ್ತೆ ಬರುವವರೆಗೆ ಇರುವುದು ಒಂದೇ. ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಒಬ್ಬನೇ ಟ್ರಾಫಿಕ್ ಪೊಲೀಸ್ ಆಗಿದ್ದೀರಿ. ಒಂದು ಕಡೆ ಕೈ ಅಡ್ಡ ಹಿಡಿದರೆ ಇನ್ನೊಂದು ಕಡೆಯಿಂದ ಗಾಡಿ ನುಗ್ಗುತ್ತದೆ. ಗಾಬ್ಲಿನ್‌ನ ಏಟನ್ನು ಕ್ಲೆರಿಕ್ ತಿನ್ನಲಿ ಬಿಡಿ. ಓಗರ್ ಕಾಲು ಕಿತ್ತಾಗ ಹೊಡೆಯಿರಿ. ತಾಗಿದರೆ ಅದರ ಸ್ಪೀಡ್ ಸೊನ್ನೆ, ಅಲ್ಲೇ ನಿಲ್ಲುತ್ತದೆ.

ವಿಜಯನಗರ_ವಾರ್ಲಾಕ್:
2024ರ ನಿಯಮದಲ್ಲಿ ಪ್ರೊಟೆಕ್ಷನ್ ಇಷ್ಟು ಬಡಪಾಯಿ ಅಲ್ಲ. ಒಂದು ಸಲ ಅಡ್ಡ ಹಿಡಿದರೆ, ಪಕ್ಕದಲ್ಲೇ ಇರುವ ತನಕ, ನಿಮ್ಮ ಮುಂದಿನ ಸರದಿವರೆಗೂ ಆ ಗೆಳೆಯನ ಮೇಲಿನ ಎಲ್ಲ ಏಟಿಗೂ ದಾಳ ಎರಡು ಸಲ ಉರುಳಿಸಿ ಚಿಕ್ಕದನ್ನು ತಗೊಳ್ಳುವ ಡಿಸ್‌ಅಡ್ವಾಂಟೇಜ್.

ಬನಶಂಕರಿ_ಬಾರ್ಬೇರಿಯನ್:
2014ರ ಪುಸ್ತಕ ಇರುವವರೆಲ್ಲ ಹೊಸದು ಕೊಳ್ಳಬೇಕಾ ಈಗ? ಅದರ ಬೆಲೆಗೆ ಒಂದು ತಿಂಗಳು ಮಸಾಲೆ ದೋಸೆ ತಿನ್ನಬಹುದು.

ವಿಜಯನಗರ_ವಾರ್ಲಾಕ್:
ದೋಸೆ ತಿಂದರೆ ನಿಯಮ ಬದಲಾಗಲ್ಲ.

ಮಲ್ಲೇಶ್ವರಂ_ಡಿಎಂ:
ಪುಸ್ತಕದ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಗುಂಡ, ಇನ್ನೊಂದು ವಿಷಯ. ಬಯಲಿನಲ್ಲಿ ನಿಲ್ಲಬೇಡಿ, ಬಾಗಿಲಲ್ಲಿ ನಿಲ್ಲಿ. ನಿಮಗಿಂತ ಎರಡು ಸೈಜ್ ದೊಡ್ಡದೋ ಚಿಕ್ಕದೋ ಆಗಿರದ ಶತ್ರು ನೀವು ನಿಂತ ಜಾಗದ ಮೂಲಕ ತೂರಿ ಹೋಗುವ ಹಾಗಿಲ್ಲ. ಓಗರ್ ನಿಮಗಿಂತ ಒಂದೇ ಸೈಜ್ ದೊಡ್ಡದು. ಡಿಎಂ ಒಪ್ಪಿದರೆ ಚಾಂಪಿಯನ್ ಬಿಟ್ಟು ಫೈಟರ್‌ನ ಇನ್ನೊಂದು ಶಾಖೆ ಕ್ಯಾವಲಿಯರ್ (ಕುದುರೆ ಸವಾರ) ಆಗಿ. ಹೊಡೆದ ಶತ್ರುವಿಗೆ ಗುರುತು ಬೀಳುತ್ತದೆ. ಅದು ನಿಮ್ಮ 5 ಅಡಿಯೊಳಗೆ ಇದ್ದುಕೊಂಡು ಬೇರೆಯವರಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್. ಇದಕ್ಕೆ ರಿಯಾಕ್ಷನ್ ಬೇಡ, ಅದೇ ಮುಖ್ಯ.

ಗುರಾಣಿಗುಂಡ:
ಅಂದರೆ ಕ್ಲೆರಿಕ್‌ಗೆ ಏಟು ಬೀಳುವುದನ್ನು ಸುಮ್ನೆ ನೋಡುತ್ತಾ ನಿಲ್ಲಬೇಕಾ? ಕ್ಲೆರಿಕ್ ಆಡುವವಳು ನನ್ನ ತಂಗಿ. ಮನೆಯಲ್ಲಿ ಯಾರು ಉತ್ತರ ಕೊಡೋದು?

ಮಲ್ಲೇಶ್ವರಂ_ಡಿಎಂ:
ಗಾಬ್ಲಿನ್ ಹೊಡೆದರೆ ಒಂದು ಡಿ6 (ಆರು ಮುಖದ ದಾಳ), ಮೇಲೆ 2. ಓಗರ್ ಹೊಡೆದರೆ ಎರಡು ಡಿ8, ಮೇಲೆ 4. ತಂಗಿಗೆ ಈ ಲೆಕ್ಕ ತೋರಿಸಿ.

ವಿಜಯನಗರ_ವಾರ್ಲಾಕ್:
ಕ್ಯಾವಲಿಯರ್ ಅಂದಿರಲ್ಲ, ನನ್ನ ಹತ್ತಿರ ಕುದುರೆ ಮೇಲೆ ಕೂತ ಮಿನಿಯೇಚರ್ ಗೊಂಬೆ ಇದೆ. ರೆಸಿನ್ ಪ್ರಿಂಟರ್‌ನಲ್ಲಿ ನಾನೇ ತೆಗೆದದ್ದು. ವಾಸನೆಗೆ ಮನೆ ಓನರ್ ಮೇಲಿಂದ ಇಳಿದು ಬಂದಿದ್ದರು, ಅದು ಬೇರೆ ಕಥೆ.

ಬನಶಂಕರಿ_ಬಾರ್ಬೇರಿಯನ್:
ಈ ಜಿಟಿಜಿಟಿ ಮಳೆಯಲ್ಲಿ ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಹೇಗೆ ಹೊಡೆದಿರಿ? ನನ್ನದು ಮೇಲೆಲ್ಲ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗಾಗಿದೆ.

ವಿಜಯನಗರ_ವಾರ್ಲಾಕ್:
ಸ್ಪ್ರೇ ಬೇಡ. ಮನೆಯೊಳಗೇ ಬ್ರಷ್‌ನಲ್ಲಿ ಹಚ್ಚಿ. ಫೋಟೋ ಹಾಕುತ್ತೇನೆ ಇರಿ.

ಗುರಾಣಿಗುಂಡ:
ಅದೆಲ್ಲ ಆಮೇಲೆ ಮಾಡಿಕೊಳ್ಳಿ. ಕ್ಯಾವಲಿಯರ್ ಆಗಲು ಕುದುರೆ ಬೇಕೇ ಬೇಕಾ?

ಮಲ್ಲೇಶ್ವರಂ_ಡಿಎಂ:
ಬೇಡ. ನಡೆದುಕೊಂಡೇ ಗುರುತು ಹಾಕಬಹುದು.

ಎಸಿ_ಆನಂದ:
ಕುದುರೆ ತಗೊಂಡರೆ ಅದಕ್ಕೂ ಪ್ಲೇಟ್ ಹಾಕಿಸಿ. ನಾಲ್ಕು ಪಟ್ಟು ಬೆಲೆ, 6000 ಗೋಲ್ಡ್. ಆದರೆ ಕುದುರೆಯ ಎಸಿ 18 ಆಗುತ್ತದೆ.