ಯುಕೆ ಸಿಬಿ, ಎಫ್‌ಎಂ: ಮನೆ ಸೆಟ್ಟಿಗೂ ಕಾರಿನ ಸೆಟ್ಟಿಗೂ ಮಾತೇ ಆಗುತ್ತಿಲ್ಲ [ಬಗೆಹರಿದಿದೆ]

ತುಂಗಾತೀರ (ಲೆಸ್ಟರ್):
ಎಲ್ಲರಿಗೂ ನಮಸ್ಕಾರ. ಮನೆಯಲ್ಲೊಂದು, ಕಾರಿನಲ್ಲೊಂದು ಸಿಬಿ ಸೆಟ್ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ಪರಸ್ಪರ ಮಾತಾಡಲು ಬಳಸುವ ರೇಡಿಯೋ) ಇದೆ. ಎರಡೂ 4 ವ್ಯಾಟ್‌ನವು, ಹಲವು ದೇಶಗಳ ಬ್ಯಾಂಡ್ ಇರುವ ಮಾದರಿ. ಎರಡನ್ನೂ ಎಫ್‌ಎಂನಲ್ಲಿಟ್ಟು 20ನೇ ಚಾನಲ್‌ಗೆ ಹಾಕಿದರೂ ಒಂದರ ದನಿ ಇನ್ನೊಂದಕ್ಕೆ ಕೇಳುತ್ತಿಲ್ಲ. ಒಂದು ಕಿಲೋಮೀಟರ್ ದೂರವೂ ಇಲ್ಲ. ಕಾರಿಗೆ ಛಾವಣಿಯ ನಡುವೆ ಮ್ಯಾಗ್ನೆಟ್ ಆಂಟೆನಾ, ಮನೆಗೆ ಹಿತ್ತಲಲ್ಲಿ ಕಂಬದ ಮೇಲೆ ನೆಟ್ಟಗೆ ನಿಂತ ಅರ್ಧ ತರಂಗದ ಆಂಟೆನಾ. ಕಾರಿನ ಸೆಟ್ಟಿಗೆ ಕರೆಂಟ್ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಬರುತ್ತಿದೆ.

ತಂತಿಕಂಬ:
ಚಾನಲ್ ಅಂಕಿ ಬಿಡಿ, ಎರಡೂ ಪರದೆಯಲ್ಲಿ ಫ್ರೀಕ್ವೆನ್ಸಿ ಎಷ್ಟು ತೋರಿಸುತ್ತದೆ ನೋಡಿ. ಒಂದರಲ್ಲಿ 27.205, ಇನ್ನೊಂದರಲ್ಲಿ 27.79125 ಮೆಗಾಹರ್ಟ್ಸ್ ಇದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಬ್ರಿಟನ್‌ನಲ್ಲಿ ಸಿಬಿಗೆ ಎರಡು ಪಟ್ಟಿಗಳಿವೆ. 1981ರ ನವೆಂಬರ್ 2ರಂದು ಇಲ್ಲಿ ಸಿಬಿ ಕಾನೂನುಬದ್ಧವಾದಾಗ ಕೊಟ್ಟದ್ದು 27.60125ರಿಂದ 27.99125ರವರೆಗಿನ 40 ಚಾನಲ್, ಅದೂ ಎಫ್‌ಎಂ ಮಾತ್ರ. ಆಮೇಲೆ ಯುರೋಪಿನ ಉಳಿದ ದೇಶಗಳಲ್ಲಿರುವ 26.965ರಿಂದ 27.405ರ 40 ಚಾನಲ್‌ಗಳೂ ಸೇರಿದವು. ಹಾಗಾಗಿ ಇಲ್ಲಿ 20 ಅಂದರೆ ಎರಡು ಜಾಗ, ನಡುವೆ ಸುಮಾರು 586 ಕಿಲೋಹರ್ಟ್ಸ್ ಅಂತರ. ಎಫ್‌ಎಂ ಅಲ್ಲದ ಇನ್ನೆರಡು ಪ್ರಸಾರ ವಿಧಾನಗಳಾದ ಎಎಂ ಮತ್ತು ಎಸ್‌ಎಸ್‌ಬಿಗೆ ಇಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ, ಅದೂ ಯುರೋಪ್ ಪಟ್ಟಿಯಲ್ಲಿ ಮಾತ್ರ.

ದೇಶದ ಸೆಟ್ಟಿಂಗ್ ಬದಲಿಸುವ ಗುಂಡಿಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮ್ಯಾನ್ಯುಯಲ್ ನೋಡಿಯೇ ಮಾಡಿ. ಪೋಲೆಂಡ್‌ನ 'ಪಿಎಲ್' ಕೋಡ್ ಮೇಲೆ ವಿಶೇಷ ಗಮನವಿರಲಿ. ಅಲ್ಲಿ ಪ್ರತಿ ಚಾನಲ್ಲೂ 5 ಕಿಲೋಹರ್ಟ್ಸ್ ಕೆಳಗಿರುತ್ತದೆ. ಅಂಥ ಸೆಟ್ಟಿನ ಮಾತು ಪೂರ್ತಿ ಮಾಯವಾಗುವುದಿಲ್ಲ, ಒಡೆದು ಗೊರಗೊರ ಅನ್ನುತ್ತದೆ. ಜನ ಅದನ್ನು ಮೈಕ್ ಕೆಟ್ಟಿದೆ ಎಂದುಕೊಂಡು ಮೈಕ್ ಬಿಚ್ಚಿ ಕೂರುತ್ತಾರೆ.

ತುಂಗಾತೀರ:
ಅದೇ ಸರ್! ಕಾರಿನದು 'ಇಯು'ನಲ್ಲಿತ್ತು, ಮನೆಯದು 'ಯುಕೆ'ಯಲ್ಲಿ. ಎರಡನ್ನೂ ಯುಕೆಗೆ ತಂದೆ, ಮಾತು ಬಂತು. ತುಂಬ ಉಪಕಾರ. ಆದರೆ ನಾಲ್ಕೈದು ಕಿಲೋಮೀಟರ್ ದಾಟಿದರೆ ಕಾರಿನ ದನಿ ತುಂಡು ತುಂಡಾಗುತ್ತದೆ, ಜೋರಾಗಿ ಮಾತಾಡಿದಷ್ಟೂ ಹೆಚ್ಚು. ಎಂಜಿನ್ ಚಾಲೂ ಇದ್ದರೆ ಕುಂಯ್ ಎನ್ನುವ ಶಬ್ದವೂ ಇದೆ. ಕಾರಿನ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಂಕಿ, 1ರ ಹತ್ತಿರವಿದ್ದಷ್ಟೂ ಒಳ್ಳೆಯದು) ಅಳೆದದ್ದು: ಇಯು ಚಾನಲ್ 1ರಲ್ಲಿ 1.5, ಇಯು 40ರಲ್ಲಿ 1.3, ಯುಕೆ 1ರಲ್ಲಿ 1.9, ಯುಕೆ 40ರಲ್ಲಿ 3ರ ಹತ್ತಿರ.

ಅಲೆಮಾರಿ27:
ಮೊದಲು ಆಂಟೆನಾ ಸರಿಮಾಡಿ. ಅದು ಸರಿಯಾಗುವವರೆಗೆ ಯುಕೆ 40ರ ಕಡೆ ಮಾತಾಡಬೇಡಿ. 3ರಲ್ಲಿ ಕಾಲು ಭಾಗ ಪವರ್ ವಾಪಸ್ ಬರುತ್ತದೆ. ಎಫ್‌ಎಂನಲ್ಲಿ ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿದಷ್ಟು ಹೊತ್ತೂ ಪೂರ್ತಿ 4 ವ್ಯಾಟ್ ಹೋಗುತ್ತಲೇ ಇರುತ್ತದೆ, ಪವರ್ ಹೊರಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್‌ಗೆ ಬಿಡುವೇ ಇರುವುದಿಲ್ಲ.

ನಿಮ್ಮ ಅಂಕಿಗಳೇ ಕಥೆ ಹೇಳುತ್ತಿವೆ. ಫ್ರೀಕ್ವೆನ್ಸಿ ಏರಿದಂತೆ ಎಸ್‌ಡಬ್ಲ್ಯುಆರ್ ಏರುತ್ತಿದೆ ಅಂದರೆ ಆಂಟೆನಾ ಉದ್ದವಾಯಿತು, ಗಿಡ್ಡ ಮಾಡಬೇಕು. ಕೆಳಗಿನ ಚಾನಲ್‌ನಲ್ಲಿ ಹೆಚ್ಚಾಗಿದ್ದರೆ ಉದ್ದ ಮಾಡಬೇಕಿತ್ತು. ಎರಡೂ ಪಟ್ಟಿ ಸೇರಿದರೆ ಅಗಲ ಒಂದು ಮೆಗಾಹರ್ಟ್ಸ್ ದಾಟುತ್ತದೆ. ಗಿಡ್ಡ ಮ್ಯಾಗ್ನೆಟ್ ಆಂಟೆನಾ ಅಷ್ಟನ್ನೂ ಸಲೀಸಾಗಿ ಹೊರುವುದಿಲ್ಲ. ಎರಡೂ ಬೇಕೆಂದರೆ 27.5ರ ಆಸುಪಾಸಿಗೆ ಹೊಂದಿಸಿ ಎರಡು ತುದಿಯಲ್ಲೂ 2ರೊಳಗೆ ಬಂದರೆ ಸಾಕು ಅನ್ನಿ. ಬರೀ ಯುಕೆ ಎಫ್‌ಎಂ ಸಾಕೆಂದರೆ ಯುಕೆ 20ಕ್ಕೆ ಹೊಂದಿಸಿ.

ಬಯಲಲ್ಲಿ ಕಾರು ನಿಲ್ಲಿಸಿ, ಬಾಗಿಲೆಲ್ಲ ಮುಚ್ಚಿ, ಮೀಟರನ್ನು ಸೆಟ್ಟಿನ ಹಿಂದೆಯೇ ಅರ್ಧ ಮೀಟರ್ ಕೇಬಲ್‌ನಲ್ಲಿ ಸೇರಿಸಿ. ಅಳೆಯುವಾಗ ಎಫ್‌ಎಂನಲ್ಲೇ ಇರಲಿ, ಮುಳ್ಳು ಅಲುಗದೆ ನಿಲ್ಲುತ್ತದೆ. ಆಂಟೆನಾ ಬುಡದ ಅಲೆನ್ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು 5 ಮಿಲಿಮೀಟರ್ ಒಳಗೆ ತಳ್ಳಿ, ಬಿಗಿ ಮಾಡಿ, ಮತ್ತೆ ಅಳೆಯಿರಿ. ಪೂರ್ತಿ ಒಳಗೆ ಹೋದ ಮೇಲೂ ಉದ್ದ ಅನ್ನಿಸಿದರೆ ಮಾತ್ರ ಕತ್ತರಿಸಿ, ಅದೂ ಎರಡೆರಡು ಮಿಲಿಮೀಟರ್. ಕತ್ತರಿಸಿದ್ದು ವಾಪಸ್ ಬರುವುದಿಲ್ಲ.

ಮನೆಯ ಆಂಟೆನಾವನ್ನೂ ಯುಕೆ 20ರಲ್ಲಿ ಅಳೆದುಬಿಡಿ. ತಂತಿಯ ಡೈಪೋಲ್ (ನಡುವೆ ಕೇಬಲ್ ಸೇರಿಸುವ ಅರ್ಧ ತರಂಗದ ಆಂಟೆನಾ) ಹಾಕುವವರಿಗೆ ಒಟ್ಟು ಉದ್ದದ ಲೆಕ್ಕ: 142.65 ಭಾಗಿಸು ಮೆಗಾಹರ್ಟ್ಸ್. 27.205ಕ್ಕೆ 5.24 ಮೀಟರ್, 27.79ಕ್ಕೆ 5.13 ಮೀಟರ್. ಎರಡಕ್ಕೂ 11 ಸೆಂಟಿಮೀಟರ್ ವ್ಯತ್ಯಾಸ.

ಜೋರಾಗಿ ಮಾತಾಡಿದಾಗ ತುಂಡಾಗುವುದು ಬೇರೆ ಕಾಯಿಲೆ, ಹೆಸರು ಓವರ್ ಡೀವಿಯೇಷನ್. ಎಎಂನಲ್ಲಿ ದನಿ ಏರಿದರೆ ಅಲೆಯ ಎತ್ತರ ಏರುತ್ತದೆ. ಎಫ್‌ಎಂನಲ್ಲಿ ಫ್ರೀಕ್ವೆನ್ಸಿ ಆಚೀಚೆ ಓಡುತ್ತದೆ. 10 ಕಿಲೋಹರ್ಟ್ಸ್ ಚಾನಲ್‌ನಲ್ಲಿ ಅದು 2 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ದಾಟಿದರೆ ಎದುರಿನ ಸೆಟ್ಟಿನ ಫಿಲ್ಟರ್ ಅಂಚಿಗೆ ಬಡಿದು ಹಿಸ್ ಹುಟ್ಟುತ್ತದೆ. ಎಫ್‌ಎಂ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚುವ ಏರ್ಪಾಡು) ಸಾಮಾನ್ಯವಾಗಿ ಆ ಹಿಸ್ ನೋಡಿಯೇ ಬಾಗಿಲು ಹಾಕುವುದು, ಅದಕ್ಕೇ ಮಾತಿನ ನಡುವೆ ಮುಚ್ಚಿಕೊಳ್ಳುತ್ತದೆ. ಪವರ್ ಮೈಕ್ (ದನಿ ಹೆಚ್ಚಿಸುವ ಮೈಕ್) ಇದ್ದರೆ ತೆಗೆದು ಸೆಟ್ಟಿನ ಜೊತೆ ಬಂದ ಮೈಕ್ ಹಾಕಿ. ಮೈಕ್ ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಅರ್ಧಕ್ಕಿಳಿಸಿ, ಬಾಯಿಂದ ಎಂಟು-ಹತ್ತು ಸೆಂಟಿಮೀಟರ್ ದೂರ ಹಿಡಿದು ಸಾಧಾರಣ ದನಿಯಲ್ಲಿ ಮಾತಾಡಿ. ಕೇಳುವ ಕಡೆ ಸ್ಕ್ವೆಲ್ಚನ್ನು ಹಿಸ್ ನಿಲ್ಲುವ ಜಾಗಕ್ಕೆ ತಂದು ಅಲ್ಲೇ ಬಿಡಿ. ಎಎಂಗೆ ಇಟ್ಟ ಸ್ಥಾನ ಎಫ್‌ಎಂಗೆ ಹೊಂದುವುದಿಲ್ಲ.

ತಂತಿಕಂಬ:
ಕುಂಯ್ ಶಬ್ದ ಆಲ್ಟರ್ನೇಟರ್‌ದು, ಆಕ್ಸಿಲರೇಟರ್ ಒತ್ತಿದರೆ ಶ್ರುತಿ ಏರುತ್ತದೆ ನೋಡಿ. ಲೈಟರ್ ಸಾಕೆಟ್ ಬಿಡಿ. 2.5 ಚದರ ಮಿಲಿಮೀಟರ್‌ನ ಎರಡು ತಂತಿ ಎಳೆಯಿರಿ. ಪಾಸಿಟಿವ್ ನೇರ ಬ್ಯಾಟರಿಗೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಸೆಟ್ಟಿನ ಮ್ಯಾನ್ಯುಯಲ್ ಹೇಳಿದಷ್ಟು ಆಂಪಿಯರ್‌ನದು. ನೆಗೆಟಿವ್ ಕೊನೆಯಲ್ಲಿ ಕರೆಂಟ್ ಸೆನ್ಸರ್ ಇರುವ ಹೊಸ ಕಾರುಗಳಲ್ಲಿ ನೆಗೆಟಿವ್ ತಂತಿಯನ್ನು ಬ್ಯಾಟರಿ ಟರ್ಮಿನಲ್‌ಗೆ ಕೊಡದೆ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಾರಿನ ಬಾಡಿಗೆ ಸೇರುವ ಬೋಲ್ಟ್‌ಗೆ ಕೊಡಿ. ಇಲ್ಲದಿದ್ದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ.

ಇನ್ನೂ ಗದ್ದಲ ಉಳಿದರೆ ಅದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಹುಡುಕಬೇಕು. ಆ ಪರೀಕ್ಷೆಯನ್ನು ಎಫ್‌ಎಂನಲ್ಲಿ ಮಾಡಿದರೆ ಮೋಸಹೋಗುತ್ತೀರಿ, ಆಂಟೆನಾ ಕಿತ್ತರೂ ಹಿಸ್ ಅಷ್ಟೇ ಇರುತ್ತದೆ. ಯುರೋಪ್ ಪಟ್ಟಿಯಲ್ಲಿ ಎಎಂಗೆ ಹಾಕಿ, ನಾಯ್ಸ್ ಬ್ಲ್ಯಾಂಕರ್ (ಗದ್ದಲ ಅಡಗಿಸುವ ಸೌಲಭ್ಯ) ಆಫ್ ಮಾಡಿ, ಆಂಟೆನಾ ಪ್ಲಗ್ ತೆಗೆಯಿರಿ. ಗದ್ದಲ ನಿಂತರೆ ಆಂಟೆನಾದಿಂದ ಬರುತ್ತಿದೆ, ಉಳಿದರೆ ಕರೆಂಟ್ ತಂತಿಯಿಂದ. ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾಗಳನ್ನು ಒಂದೊಂದಾಗಿ ಕಿತ್ತು ನೋಡಿ. ಸಿಕ್ಕ ಕಳ್ಳನ ತಂತಿಗೆ 31 ಮಿಶ್ರಣದ ಫೆರೈಟ್ (ಗದ್ದಲ ತಡೆಯುವ ಉಂಗುರ) ಹಾಕಿ, ತಂತಿಯನ್ನು ಅದಕ್ಕೆ ನಾಲ್ಕೈದು ಸುತ್ತು ಸುತ್ತಿ. ಮನೆಯಲ್ಲೂ ಇದೇ ಕ್ರಮ: ಸೆಟ್ಟನ್ನು ಬ್ಯಾಟರಿಯಲ್ಲಿ ಓಡಿಸಿ ಮೇನ್ ಸ್ವಿಚ್ ಆಫ್ ಮಾಡಿದರೆ ಗದ್ದಲ ನಿಮ್ಮ ಮನೆಯದೋ ಪಕ್ಕದವರದೋ ತಿಳಿಯುತ್ತದೆ.

ಎಫ್‌ಎಂಗೆ ಹಾಕಿದ ಕೂಡಲೇ ಗದ್ದಲ ಓಡಿಹೋಗುತ್ತದೆ ಎನ್ನುವ ಮಾತು ಅರ್ಧ ನಿಜ. ಸಿಗ್ನಲ್ ಗಟ್ಟಿಯಿದ್ದಾಗ ಮಾತ್ರ ಸೆಟ್ಟಿನೊಳಗಿನ ಲಿಮಿಟರ್ (ಅಲೆಯ ಎತ್ತರವನ್ನು ಸಮ ಮಾಡುವ ಭಾಗ) ಗದ್ದಲವನ್ನು ಕತ್ತರಿಸುತ್ತದೆ. ಒಂದು ಮಟ್ಟದ ಕೆಳಗೆ ಮಾತು ದಢಕ್ಕನೆ ಹಿಸ್‌ನಲ್ಲಿ ಮುಳುಗುತ್ತದೆ. ಆ ದೂರಕ್ಕೆ ಎಸ್‌ಎಸ್‌ಬಿಯೇ ಸರಿ.

ತುಂಗಾತೀರ:
ಕಡ್ಡಿ 15 ಮಿಲಿಮೀಟರ್ ಒಳಗೆ ಹೋಯಿತು. ಈಗ ಯುಕೆ 1ರಲ್ಲಿ 1.5, 20ರಲ್ಲಿ 1.2, 40ರಲ್ಲಿ 1.6. ಬ್ಯಾಟರಿಯಿಂದ ನೇರ ತಂತಿ ಎಳೆದ ಮೇಲೆ ಕುಂಯ್ ಇಲ್ಲ. ಗೇನ್ ಇಳಿಸಿದ ಮೇಲೆ ತುಂಡಾಗುವುದೂ ನಿಂತಿದೆ. ಕೊನೆಯದೊಂದು ಪ್ರಶ್ನೆ: ಸೆಟ್ಟಿನಲ್ಲಿ 'ಇನ್' ಅಂತಲೂ ಒಂದು ಕೋಡ್ ಇದೆ, ಇಂಡಿಯಾದ್ದಂತೆ. ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಅಣ್ಣನ ಜೀಪಿಗೆ ಹಾಕಬಹುದಾ?

ತಂತಿಕಂಬ:
ಬೇಡ. ಭಾರತದಲ್ಲಿ 2005ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಸ್. 1ರಿಂದ 27ರವರೆಗಿನ ಚಾನಲ್ ಅದರೊಳಗೆ ಬರುತ್ತವೆ, 28ನೆಯದು 27.285, ಹೊರಗೆ ಬಿತ್ತು. ಆದರೆ ಅದೇ ನಿಯಮ 5 ವ್ಯಾಟ್ ಮಿತಿಯ ಜೊತೆಗೆ ಆಂಟೆನಾ ಸೆಟ್ಟಿನಲ್ಲೇ ಅಡಕವಾಗಿರಬೇಕು ಎನ್ನುತ್ತದೆ. ಜೀಪಿನ ಮೇಲೆ ಆಂಟೆನಾ ನೆಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಕೋಡ್ ಯಾವುದಿದ್ದರೂ ಅಷ್ಟೇ. ಸೆಟ್ ಲೆಸ್ಟರ್‌ನಲ್ಲೇ ಇರಲಿ.